ಅಣ್ಣಾರಾಯರ ದನಿ

ನನಗೆ ದೆವ್ವದ ಭಯ ಅಷ್ಟಾಗಿ ಇಲ್ಲ, ಗ್ಯಾಸ್ ಸಿಲಿಂಡರಿನ ಭಯ ಬಹಳ. ಮನೆಯಿಂದ ಹೊರಡುವಾಗ "ಗ್ಯಾಸ್ ಬಂದ್ ಮಾಡೀಯೇನ?" ಎಂದು ಹೆಂಡತಿ ವಿಮಲಾಳನ್ನು ಕೇಳಿ, ಅವಳು ಹೂಂ ಅಂದ ಮೇಲೂ ಗೇಟಿನಿಂದ ವಾಪಸು ಬಂದು ನೋಡುವವನು ನಾನು. ಮರಾಠಿ ನಾಡಿನ ಓಝರ್ ಬಳಿಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಬೋಲ್ಟು ತಪಾಸಣೆ ಮಾಡಿದವನಿಗೆ ಲೋಕದಲ್ಲಿ ಯಾವುದೂ ಬಿಗಿಯಾಗಿದೆ ಎಂಬ ನಂಬಿಕೆ ಬರುವುದಿಲ್ಲ. ಇಂಥವನ ಮನೆಗೆ ಒಂದು ಗಿಳಿ ಬಂತು.

ಅದು ಸಂಭಾಜಿನಗರದ ಸುಶೀಲಾಬಾಯಿಯವರದು. ನಮ್ಮ ಧಾರವಾಡದ ಕಡೆಯವರೇ. ಯಜಮಾನರು ಅಣ್ಣಾರಾಯರು ತೀರಿಕೊಂಡು ಮೂರು ತಿಂಗಳಾಗಿತ್ತು. ಸುಶೀಲಾಬಾಯಿಯವರ ಉಬ್ಬಸಕ್ಕೆ ಪುಕ್ಕದ ಧೂಳು ಆಗದೆಂದು ಡಾಕ್ಟರು ಹೇಳಿದ್ದರು. ಇದು ಆಫ್ರಿಕದ ಬೂದು ಗಿಳಿ, ನಮ್ಮ ಕಾಡಿನದಲ್ಲ, ಸಾಕಲು ಅಡ್ಡಿಯಿಲ್ಲ ಎಂಬ ಕಾಗದವನ್ನು ನಾನು ಮೂರು ಸಲ ಓದಿ, ಬೆಳಕಿಗೆ ಹಿಡಿದು ನೋಡಿ ಮುಗಿಸುವವರೆಗೆ ಕಾದು ಅವರು ಅಂದರು: "ಕೇಳೋರು ಭಾಳ ಮಂದಿ ಇದ್ರು, ತಮ್ಮಾ. ಎಲ್ಲಾ ಮರಾಠಿ ಮನಿ. ಅಲ್ಲಿ ಕನ್ನಡ ಮರೀತದ, ಅದರ ಸಂಗ್ತೀನ ನಮ್ಮವರ ದನೀನೂ ಹೋಗ್ತದ. ನನಗ ಉಳದದ್ದು ಅದೊಂದ. ಐತವಾರಕ್ಕೊಮ್ಮೆ ಫೋನಿನ್ಯಾಗ ಕೇಳಸ್ರಿ, ಸಾಕು."

ಮನೆಗೆ ಮರಳುವಾಗ ದೌಲತಾಬಾದಿನ ಕೋಟೆ ಹಿಂದೆ ಸರಿಯಿತು. ಕಾರಿನ ಹಿಂದಿನ ಸೀಟಿನಲ್ಲಿ ಮುದುಕರೊಬ್ಬರು ಗಂಟಲು ಸರಿಮಾಡಿಕೊಂಡು "ಸಾವಕಾಶ ಹೋಗ್ರಿ" ಅಂದರು. ನಾನು "ಹೂಂ ರೀ" ಎಂದು ವೇಗ ತಗ್ಗಿಸಿದೆ. ಹಿಂದೆ ಪಂಜರದ ಹೊರತು ಏನೂ ಇಲ್ಲ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ತಗ್ಗಿಸಿದೆ.

ಮನೆಯಲ್ಲಿ ದಿನಾ ನಾಲ್ಕಕ್ಕೆ ಸರಿಯಾಗಿ ಅದೇ ಗಂಟಲು: "ಸುಶೀ, ಚಾ ಆತೇನ?" ಒಳಗಿನಿಂದ ವಿಮಲಾ "ಆತ್ರೀ" ಅನ್ನುವಳು. ಮೂರನೆಯ ದಿನ ನಮ್ಮಿಬ್ಬರಿಗೆ ತಂದ ಟ್ರೇಯಲ್ಲಿ ಮೂರು ಕಪ್ಪು ಇದ್ದವು. ಇದ್ಯಾರಿಗೆ ಎಂದೆ. ಅವಳು ಕಪ್ಪು ನೋಡಿದಳು, ಪಂಜರ ನೋಡಿದಳು, ಒಂದನ್ನು ಒಳಗೊಯ್ದಳು.

ನನಗೆ ಹತ್ತಿದ ಚಿಂತೆ ಬೇರೆ. ಗಿಳಿ ನಮ್ಮ ಮಾತು ಕಲಿತು ರಾಯರನ್ನು ಮರೆತರೆ ಅವರು ಎರಡನೆಯ ಸಲ ಸತ್ತಂತೆ, ಆ ಪಾಪ ನನ್ನ ತಲೆಯ ಮೇಲೆ. ಮಗಳ ಫೋನಿನ ಮರಾಠಿಯನ್ನು ಬಾಲ್ಕನಿಗೆ ಕಳಿಸಿದೆ. ನಾನಂತೂ ಗ್ಯಾಸ್ ವಿಷಯವನ್ನೂ ಕೈ ತಿರುವಿ ಸನ್ನೆಯಲ್ಲೇ ಕೇಳತೊಡಗಿದೆ. "ಮದಿವ್ಯಾದಾಗಿಂದ ಮನಿ ಇಷ್ಟು ತಣ್ಣಗ ಇದ್ದಿದ್ದಿಲ್ಲ. ಇನ್ನೊಂದು ಗಿಳಿ ತರೂಣೇನ್ರಿ?" ಎಂದಳು ವಿಮಲಾ.

ಆದರೆ ಒಂದು ಮುಂಜಾನೆ, ಸಟಾಣಾಕ್ಕೆ ಮದುವೆಗೆ ಹೊರಟ ಗಡಿಬಿಡಿಯಲ್ಲಿ, ಬಾಯಿ ತಪ್ಪಿ ಗ್ಯಾಸಿನ ಮಾತು ಕೇಳಿಯೇಬಿಟ್ಟೆ. ಅದೂ ಮೂರು ಸಲ.

ಆ ಐತವಾರ ನಾಲ್ಕಕ್ಕೆ ಫೋನನ್ನು ಪಂಜರಕ್ಕೆ ಹಿಡಿದೆ. ಚಹದ ಮಾತಿಲ್ಲ. ಗಿಳಿ ತಲೆ ಓರೆ ಮಾಡಿ ನನ್ನನ್ನೇ ನೋಡಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ಅಣ್ಣಾರಾಯರ ದನಿಯಲ್ಲಿ, ನಿಧಾನವಾಗಿ: "ಸುಶೀ, ಗ್ಯಾಸ್ ಬಂದ್ ಮಾಡೀಯೇನ?"

ನಾನು ಕಣ್ಣು ಮುಚ್ಚಿದೆ. ಫೋನಿನ ಆ ಕಡೆ ಚಪ್ಪಲಿಯ ಸಪ್ಪಳ ದೂರ ಹೋಯಿತು, ತಿರುಗಿ ಬಂತು.

"ಮಾಡಿದ್ದಿಲ್ಲ, ತಮ್ಮಾ," ಎಂದರು ಸುಶೀಲಾಬಾಯಿ. "ಹಾಲಿಟ್ಟು ಮರತಿದ್ದೆ. ಇದ್ದಾಗ ಒಂದು ದಿನಾ ಅಡಗಿಮನಿ ಹಣಕಿ ನೋಡಿದವರಲ್ಲ. ಈಗ ಕೇಳ್ಲಿಕ್ಕೆ ಹತ್ಯಾರ." ಅವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ನಾನು ಸತ್ತ ಮೇಲಾದರೂ ಈ ಗ್ಯಾಸಿನ ಚಿಂತೆ ತಪ್ಪೀತು ಎಂಬ ಭರವಸೆ ನನಗಿತ್ತು. ರಾಯರನ್ನು ಕೇಳಿದ ಮೇಲೆ ಅದೂ ಹೋಯಿತು. ಈಗ ನಾನು ಹೊರಡುವಾಗ ಬೆನ್ನ ಹಿಂದಿನಿಂದ ಅವರೇ ವಿಚಾರಿಸುತ್ತಾರೆ. "ಮಾಡೇನ್ರಿ" ಅನ್ನುತ್ತೇನೆ. ಆದರೂ ಗೇಟಿನಿಂದ ಒಮ್ಮೆ ವಾಪಸು ಬಂದು ನೋಡುತ್ತೇನೆ. ಹಿರಿಯರಿಗೆ ಸುಳ್ಳು ಹೇಳಿದಂತಾಗಬಾರದು ನೋಡಿ.