ವಿಭೂತಿ ಹಚ್ಚಿಕೊಂಡ ಎಂಜಿನ್ನು

ಓಟದ ಕಾರಿನ ಎಂಜಿನ್ನನ್ನು ಕೈಯಲ್ಲೇ ಕೂಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಬಿಚ್ಚುವಾಗ ಯಾವುದು ಎಲ್ಲಿಂದ ಬಂತೆಂದು ಗುರುತಿಟ್ಟುಕೊಂಡು, ಆಮೇಲೆ ಅದನ್ನು ಅಲ್ಲಿಗೇ ಸೇರಿಸಿದರೆ ಮುಗಿಯಿತು. ಈ ಅಮೂಲ್ಯ ಸಿದ್ಧಾಂತವನ್ನು ನಾನು ಕಂಡುಹಿಡಿದದ್ದು ಎಂಜಿನ್ನಿಗೆ ಕೈ ಹಾಕುವುದಕ್ಕೆ ಮೊದಲು ಎಂಬುದನ್ನು ಮಾತ್ರ ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು!

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿನ ವ್ಯಾಪಾರಿ. ಬೆಟ್ಟದ ಎಸ್ಟೇಟಿನ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ತನ್ನ ಓಟದ ಕಾರನ್ನು ನನ್ನ ತಲೆಗೆ ಕಟ್ಟಿಹೋದ. ಇಬ್ಬರೇ ಕೂರುವಂಥ, ಮೇಲೆ ಸೂರಿಲ್ಲದ, ಉದ್ದ ಮೂತಿಯ ಕಾರು. ಅದರ ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ಕೊಟ್ಟಿದ್ದ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಕೆಟ್ಟದ್ದೆಲ್ಲ ಆ ಪುಸ್ತಕದಿಂದ.

ಕಾರು ಬಂದದ್ದಕ್ಕೆ ನನಗಿಂತ ಹೆಚ್ಚು ಹಿಗ್ಗಿದವಳು ನನ್ನ ಹೆಂಡತಿ ಮಾದೇವಿ. ಅವಳ ತವರು ಯಳಂದೂರು. ಪ್ರತಿ ವರ್ಷ ವಿಜಯದಶಮಿಯ ಊಟಕ್ಕೆ ಇಬ್ಬರು ಹೆಣ್ಣುಮಕ್ಕಳೂ ಅಲ್ಲಿ ಸೇರುವುದು ಪದ್ಧತಿ. ಅವಳಕ್ಕ ಹನೂರಿನಿಂದ ಗೆಜ್ಜೆ ಕಟ್ಟಿದ ಎತ್ತಿನ ಗಾಡಿಯಲ್ಲಿ ಬಂದಿಳಿಯುತ್ತಿದ್ದಳು. ನಮ್ಮತ್ತೆ ಆರತಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ನಾವು ಬಸ್ಸಿಳಿದು, ಚೀಲ ಹೊತ್ತು, ಧೂಳು ಮೆತ್ತಿದ ಮುಖದಲ್ಲಿ ನಡೆದು ಹೋಗುವಷ್ಟರಲ್ಲಿ ಆರತಿಯ ದೀಪ ಆರಿರುತ್ತಿತ್ತು.

ನನ್ನ ಮಾವನಿಗೆ ನನ್ನ ಮೇಲೆ ಒಂದು ಹಳೆಯ ಮುನಿಸೂ ಇತ್ತು. ಮದುವೆಯಾದ ಹೊಸದರಲ್ಲಿ ಅವರ ಮನೆಯ ಗೋಡೆ ಗಡಿಯಾರ ಕೊಂಚ ನಿಧಾನವಾಗಿದೆ ಎಂದು ನಾನು ಬಿಚ್ಚಿದ್ದೆ. ಅದರ ಮುಳ್ಳುಗಳು ಇವತ್ತಿಗೂ ಒಂದು ಡಬ್ಬಿಯಲ್ಲಿವೆ. ಅಂದಿನಿಂದ ನಾನು ಹೊಸಲು ದಾಟಿದರೆ ಸಾಕು, ಅವರು ಮನೆಯಲ್ಲಿರುವ ಸ್ಕ್ರೂ ಇರುವ ಸಾಮಾನುಗಳನ್ನೆಲ್ಲ ಒಳಕೋಣೆಗೆ ಸಾಗಿಸುತ್ತಿದ್ದರು.

"ಈ ಸಲ ನಮ್ಮವ್ವನ ಮನೆ ಬಾಗ್ಲಲ್ಲಿ ಕಾರಿಂದ ಇಳೀತೀನಿ ಕಣ್ರೀ. ಅಕ್ಕುಂಗೂ ಏಳಿ ಕಳ್ಸಿವ್ನಿ," ಎಂದಳು ಮಾದೇವಿ. ಅವಳು ಹಾಗೆ ಆಸೆಪಟ್ಟು ಏನನ್ನೂ ಕೇಳಿದವಳಲ್ಲ.

"ಇಳಿಸ್ತೀನಿ! ಇಳಿಸದಿದ್ರೆ ನನ್ನ ಹೆಸರು ನಂಜುಂಡಪ್ಪನೇ ಅಲ್ಲ!" ಎಂದೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸುಮ್ಮನಿರದೆ ಆ ಪುಸ್ತಕ ತೆರೆದೆ. ಈ ಜಾತಿಯ ಎಂಜಿನ್ನನ್ನು ಯಂತ್ರಗಳು ಕೂಡಿಸುವುದಿಲ್ಲವಂತೆ. ಒಂದು ಎಂಜಿನ್ನಿಗೆ ಒಬ್ಬನೇ ಆಳು. ಅವನು ನಾಲ್ಕು ಪಿಸ್ಟನ್‌ಗಳನ್ನೂ ತಕ್ಕಡಿಯಲ್ಲಿಟ್ಟು, ಉಜ್ಜಿ, ಒಂದೇ ತೂಕಕ್ಕೆ ತರುತ್ತಾನೆ. ಒಂದೊಂದನ್ನೂ ಅದು ಮೇಲೆ ಕೆಳಗೆ ಆಡುವ ಅದರದೇ ಸಿಲಿಂಡರಿನ ಕೊಳವೆಗೆ ಸರಿಯಾಗಿ ಹೊಂದಿಸುತ್ತಾನೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾನೆ. ಎಲ್ಲ ಮುಗಿದ ಮೇಲೆ ತನ್ನ ಹೆಸರು ಕೊರೆದ ಒಂದು ಸಣ್ಣ ತಗಡನ್ನು ಎಂಜಿನ್ನಿಗೆ ಬಡಿಯುತ್ತಾನೆ.

ಹೆಸರಿನ ತಗಡು! ಅದನ್ನು ಓದಿದ ಗಳಿಗೆಯಿಂದ ನನಗೆ ನಿದ್ದೆ ಇಲ್ಲ. ಎಂಜಿನ್ನಿನಲ್ಲಿ ಎಲ್ಲೋ 'ಟಿಕ್ ಟಿಕ್' ಎಂಬ ಸದ್ದು ಕೇಳಿಸತೊಡಗಿತು. ಮಾದೇವಿಗೆ ಕೇಳಿಸಲಿಲ್ಲ. ಪಕ್ಕದ ಮನೆಯವರಿಗೂ ಕೇಳಿಸಲಿಲ್ಲ.

"ಓಡ್ತಾ ಅದೆಯಲ್ಲ, ಬುಟ್ಬುಡ್ರೀ. ಅಬ್ಬ ಮುಗೀಲಿ," ಎಂದಳು ಅವಳು.

"ಇದನ್ನು ಕೂಡಿಸಿದವನೂ ಒಬ್ಬನೇ ಮನುಷ್ಯ. ನಾನೂ ಒಬ್ಬನೇ ಮನುಷ್ಯ!" ಎಂದು ನಾನು ಪಂಚೆ ಎತ್ತಿ ಕಟ್ಟಿದೆ.

ಮೊದಲು ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿದೆ. ಪಾತ್ರೆ ಅಂಗಡಿಯಲ್ಲಿ ಮದುವೆ ಚೊಂಬುಗಳ ಮೇಲೆ ಹೆಸರು ಕೊರೆಯುವವನ ಹತ್ತಿರ ಹೋಗಿ ಒಂದು ಹಿತ್ತಾಳೆ ತಗಡು ಮಾಡಿಸಿದೆ. 'ಕೈಯಾರೆ ಕೂಡಿಸಿದವರು: ನಂಜುಂಡಪ್ಪ, ಕೊಳ್ಳೇಗಾಲ.' ಅವನು ಕೊರೆದು ಮುಗಿಸಿ, "ಯಾರ ಮದ್ವೆಗೆ ಸಾ ಇದು?" ಎಂದು ಕೇಳಿದ. ಅದನ್ನು ಎಂಜಿನ್ನಿಗೆ ಬಡಿದರೆ ಮುಚ್ಚಳದೊಳಗೆ ಯಾರಿಗೆ ಕಾಣುತ್ತದೆ? ಕಾರಿನ ಮೂತಿಗೇ, ಎದುರಿಗೆ ಬರುವವರಿಗೆ ನೇರ ಕಾಣುವಂತೆ ಬಡಿದೆ. ಆಮೇಲೆ ಎಂಜಿನ್ನು ಬಿಚ್ಚಲು ಕೂತೆ.

ಬಿಚ್ಚುವ ಕೆಲಸದಲ್ಲಿ ನನಗೆ ಸರಿಸಾಟಿ ಇಲ್ಲ ಎಂಬುದನ್ನು ನನ್ನ ಮಾವನೂ ಒಪ್ಪುತ್ತಾರೆ. ಪಡಸಾಲೆಯಲ್ಲಿ ಸಾಲಾಗಿ ಬಾಳೆಎಲೆ ಹಾಸಿ, ಬಿಚ್ಚಿದ್ದನ್ನೆಲ್ಲ ಊಟಕ್ಕೆ ಬಡಿಸಿದ ಹಾಗೆ ಜೋಡಿಸಿದೆ. ಯಾವ ಪಿಸ್ಟನ್ ಯಾವ ಸಿಲಿಂಡರಿನದೆಂದು ಗೊತ್ತಾಗಲು ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿ ಗುರುತು ಮಾಡಬೇಕೆಂದು ಪುಸ್ತಕ ಹೇಳಿತ್ತು. ಅಂಥ ನುಣುಪಾದ ಪಿಸ್ಟನ್ನಿಗೆ ಸುತ್ತಿಗೆ ಏಟು ಹಾಕಲು ನನಗೆ ಮನಸ್ಸು ಬರಲಿಲ್ಲ. ಸೀಮೆಸುಣ್ಣ ಹುಡುಕಿದೆ, ಸಿಗಲಿಲ್ಲ. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ ಇತ್ತು!

ಮೊದಲನೇ ಪಿಸ್ಟನ್ನಿನ ನೆತ್ತಿಗೆ ಒಂದು ಗೀಟು ಎಳೆದೆ. ಎರಡನೆಯದಕ್ಕೆ ಎರಡು. ಮೂರನೆಯದಕ್ಕೆ ಮೂರು. ನಾಲ್ಕನೆಯದಕ್ಕೆ ಮೂರು ಗೀಟಿನ ಜೊತೆಗೆ ನಡುವೆ ಒಂದು ಕುಂಕುಮದ ಬೊಟ್ಟು. ಈ ಉಪಾಯ ಆ ದೊರೆಗಳ ದೇಶದಲ್ಲಿ ಯಾರಿಗಾದರೂ ಹೊಳೆಯುತ್ತಿತ್ತೇ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಆಯುಧಪೂಜೆಯ ದಿನ ಬೆಳಿಗ್ಗೆ ಒಂದು ಪ್ರಯಾಣ ಬಾಕಿ ಇತ್ತು. ಓಟದ ಎಂಜಿನ್ನಿಗೆ ಹರಳೆಣ್ಣೆಯೇ ಶ್ರೇಷ್ಠವೆಂದು ಪುಸ್ತಕ ಸಾರಿತ್ತು. ಹನೂರಿನಲ್ಲಿ ನನ್ನ ಷಡ್ಡಕ, ಅಂದರೆ ಮಾದೇವಿಯ ಅಕ್ಕನ ಗಂಡ ಪುಟ್ಟಮಾದಪ್ಪನವರ ಗಾಣವಿತ್ತು. ಗೆಜ್ಜೆ ಗಾಡಿಯ ಯಜಮಾನರೂ ಅವರೇ. ಹೊರಡುವಾಗ ಮಾದೇವಿಗೆ, "ನಾನು ಬರೋದ್ರೊಳಗೆ ಪೂಜೆಗೆ ಎಲ್ಲಾ ಅಣಿ ಮಾಡಿರು. ಎಂಜಿನ್ನಿಗೂ ಪೂಜೆ ಆಗ್ಬೇಕು," ಎಂದು ಆಜ್ಞಾಪಿಸಿದೆ. ಹೌದು, ಆ ಮಾತು ಹೇಳಿದ್ದು ನಾನೇ.

ಪುಟ್ಟಮಾದಪ್ಪನವರು ಡಬ್ಬಿಗೆ ಎಣ್ಣೆ ತುಂಬುತ್ತಾ ಅನುಮಾನದಿಂದ ನನ್ನ ಮುಖ ನೋಡಿದರು.

"ಅಲ್ಲ ಕಣಪ್ಪ, ಇಷ್ಟೊಂದು ಅಳ್ಳೆಣ್ಣೆ ಕುಡುದ್ರೆ ಕಾರ್ಗೆ ಒಟ್ಟೆ ಕೆಡಕಿಲ್ವಾ?"

"ಇದು ಓಟದ ಎಂಜಿನ್ನು ಅಣ್ಣ. ಇದಕ್ಕೆ ಇದೇ ಆಗ್ಬೇಕು."

"ಓಟಾನಾ? ಅಂಗಾರೆ ಸರಿ. ಇದ್ನ ಕುಡ್ದೋರ್ಗೆ ಓಟ ತಪ್ಪಿದ್ದಲ್ಲ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಂದೆಗೆ ಗಾಡಿ ಕಟ್ಕಂಡು ಒರಡ್ತೀವಿ. ಮಧುವನಹಳ್ಳಿ ನೆಂಟ್ರ ಮನೇಲಿ ಮನೀಕಂಡು, ಬೆಳಗೆದ್ದು ಯಳಂದೂರ್ಗೆ. ದಾರೀಲಿ ಸಿಕ್ಕು, ನೋಡಮ."

"ಸಿಗಲ್ಲ ಅಣ್ಣ. ನಾವು ಮುಂದೆ ಹೋಗಿರ್ತೀವಿ," ಎಂದೆ ನಾನು.

ಬಸ್ಸಿನಲ್ಲಿ ಎಣ್ಣೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ಪಡಸಾಲೆ ಝಗಝಗ ಹೊಳೆಯುತ್ತಿತ್ತು. ಎಂಜಿನ್ನಿನ ಸಾಮಾನನ್ನೆಲ್ಲ ಮಾದೇವಿ ಸೀಗೆಕಾಯಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಮಣೆಯ ಮೇಲೆ ಚಂದವಾಗಿ ಒಟ್ಟಿದ್ದಳು. ನಾಲ್ಕು ಪಿಸ್ಟನ್‌ಗಳೂ ಅಕ್ಕಪಕ್ಕ ಕೂತಿದ್ದವು. ನಾಲ್ಕಕ್ಕೂ ಮೂರು ಮೂರು ಗೀಟು ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೊಂದು ದಾಸವಾಳ!

ನಾನು ಎಣ್ಣೆ ಡಬ್ಬಿಯನ್ನು ಹೊಸಲಲ್ಲೇ ಇಳಿಸಿದೆ.

"ಅದೇನ್ರೀ ನಿಮ್ ಅರೆಬರೆ ಕೆಲ್ಸ?" ಎಂದು ಅವಳೇ ಶುರುಮಾಡಿದಳು. "ಒಂದ್ಕೆ ಒಂದ್ ಗೀಟು, ಇನ್ನೊಂದ್ಕೆ ಎರಡ್ ಗೀಟು. ಈಬೂತಿ ಅಂಗೆ ಬಳೀತಾರಾ? ಸಿವಾ ಅಂತ ಒಂದೊಂದ್ಕೂ ಮೂರ್ ಮೂರ್ ಗೀಟು ನೆಟ್ಗೆ ಎಳ್ದಿವ್ನಿ."

"ಅದು ಗುರುತು ಕಣೇ! ಯಾವುದರ ಮನೆ ಯಾವುದು ಅಂತ ಗುರುತು! ಒಂದು ಮನೆ ಸೊಸೆ ಇನ್ನೊಂದು ಮನೆಗೆ ಹೊಂದಿಕೊಳ್ತಾಳೇನೇ?"

ಅವಳ ಮುಖ ಸಣ್ಣದಾಯಿತು. "ಗುರ್ತು ಮಾಡಕ್ಕೆ ಈಬೂತಿನೇ ಬೇಕಿತ್ತಾ ನಿಮ್ಗೆ?" ಎಂದು ಮೆಲ್ಲಗೆ ಕೇಳಿದಳು.

ಆದರೆ ಸೋಲೊಪ್ಪುವ ಜಾತಿಯವನಲ್ಲ ನಾನು. ತಕ್ಷಣ ಕೂಡಿಸಿಬಿಡೋಣವೆಂದು ಸ್ಪ್ಯಾನರಿಗೆ ಕೈ ಹಾಕಿದೆ. ಅವಳು ಅಡ್ಡ ಬಂದಳು. "ಪೂಜೆಗೆ ಮಡ್ಗಿರೋ ಆಯುದ ಇವತ್ತು ಮುಟ್ಟಂಗಿಲ್ಲ ಕಣ್ರೀ!" ನೋಡಿದರೆ ಸ್ಪ್ಯಾನರುಗಳಿಗೂ ವಿಭೂತಿ, ನನ್ನ ನೂಲಿನ ತಕ್ಕಡಿಗೂ ವಿಭೂತಿ. ಮಾರನೆಯ ಬೆಳಿಗ್ಗೆಯವರೆಗೂ ನಾನು ಕೈಕಟ್ಟಿಕೊಂಡು ಕೂರಬೇಕಾಯಿತು.

ವಿಜಯದಶಮಿಯ ಬೆಳಿಗ್ಗೆ ಪೂಜೆ ಇಳಿಸಿದ್ದೇ ತಡ, ಯುದ್ಧಕ್ಕೆ ಇಳಿದೆ. ತೂಕ ಮಾಡಿದರೆ ಯಾವುದು ಯಾವುದೆಂದು ಗೊತ್ತಾಗಬಹುದೆಂದು ಪಿಸ್ಟನ್‌ಗಳನ್ನು ರೇಷ್ಮೆ ತೂಗುವ ತಕ್ಕಡಿಯಲ್ಲಿ ಒಂದರ ಎದುರಿಗೆ ಒಂದಿಟ್ಟು ತೂಗಿದೆ. ಮುಳ್ಳು ಅಲ್ಲಾಡಲಿಲ್ಲ. ನಾಲ್ಕನ್ನೂ ಒಂದೇ ತೂಕಕ್ಕೆ ತಂದಿದ್ದನಲ್ಲ, ಮೊದಲು ಕೂಡಿಸಿದ ಆ ಪುಣ್ಯಾತ್ಮ! ಮುಖ ನೋಡಿ ಗುರುತು ಹಿಡಿಯಲು ಯತ್ನಿಸಿದೆ. ನಾಲ್ಕೂ ಒಂದೇ ತಾಯಿಯ ಮಕ್ಕಳ ಹಾಗೆ ಕೂತಿದ್ದವು. ಕೊನೆಗೆ ದೇವರ ಮೇಲೆ ಭಾರ ಹಾಕಿ, ಸಲೀಸಾಗಿ ಇಳಿದದ್ದನ್ನು ಇಳಿಸಿದೆ. ಇಳಿಯದೆ ಮೊಂಡು ಹಿಡಿದ ಒಂದನ್ನು ಮರದ ಸುತ್ತಿಗೆಯಿಂದ ಪುಸಲಾಯಿಸಿದೆ. ಬೋಲ್ಟುಗಳನ್ನು ಪುಸ್ತಕ ಹೇಳಿದಂತೆಯೇ ನಡುವಿನಿಂದ ಹೊರಕ್ಕೆ ಬಿಗಿದೆ. ಆ ಒಂದು ಕೆಲಸದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ಮಾದೇವಿ ಅಷ್ಟರಲ್ಲಿ ಮಾವಿನಕಾಯಿ ಅಂಚಿನ ಹಸಿರು ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಬಂದು ಬಂದು ಇಣುಕುತ್ತಿದ್ದಳು. "ಬಸ್ಸು ಇನ್ನೂ ಓಗಿಲ್ಲ ಕಣ್ರೀ," ಎಂದು ಒಮ್ಮೆ ಅಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಹರಳೆಣ್ಣೆ ಸುರಿದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಹ್ಯಾಂಡಲ್ ತಿರುಗಿಸಿದೆ. ಢಂ! ಎಂಜಿನ್ನು ಶುರುವಾಯಿತು! ಮನೆಯ ಮುಂದೆ ಸೇರಿದ್ದವರೆಲ್ಲ ಹಿಂದಕ್ಕೆ ಹಾರಿದರು. ಕಾರಿನ ಹಿಂದಿನಿಂದ ನೀಲಿ ಹೊಗೆ ಎದ್ದು ಇಡೀ ಬೀದಿ ಹರಳೆಣ್ಣೆ ದೀಪ ಆರಿಸಿದ ಹಾಗೆ ನಾರಿತು. ಒಂದೆರಡು ಮನೆಯ ಮಕ್ಕಳು ಭೇದಿಯ ಔಷಧಿ ಬಂತೆಂದು ಹೆದರಿ ಒಳಗೆ ಓಡಿದರಂತೆ.

ಯಳಂದೂರಿನ ದಾರಿ ಹಿಡಿದೆವು. ಊರು ದಾಟಿದ ಮೇಲೆ ಮುಂದೆ ಗೆಜ್ಜೆಯ ಸದ್ದು ಕೇಳಿಸಿತು. ಪುಟ್ಟಮಾದಪ್ಪನವರ ಗಾಡಿ! ನಾನು ಹಾರ್ನ್ ಒತ್ತಿ ರೊಯ್ಯನೆ ಮುಂದೆ ಹೋದೆ. ಮಾದೇವಿ ತಿರುಗಿ ಅಕ್ಕನ ಕಡೆ ಕೈ ಬೀಸಿದಳು. ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಇದೊಂದಕ್ಕಾಗಿ ಇನ್ನೂ ಹತ್ತು ಎಂಜಿನ್ನು ಬಿಚ್ಚಬಹುದು ಅನ್ನಿಸಿತು.

ಹಾಗೆ ಅನ್ನಿಸಿ ಮುಗಿಯುವಷ್ಟರಲ್ಲಿ ಎಂಜಿನ್ನು ಕೆಮ್ಮಿತು. ಕೊಯ್ ಎಂದು ಕಿರುಚಿತು. ನಿಂತಿತು. ಹ್ಯಾಂಡಲ್ ಹಾಕಿದರೆ ಕೂದಲೆಳೆಯಷ್ಟೂ ತಿರುಗಲೊಲ್ಲದು. ಬೇರೆ ಮನೆ ಸೇರಿದ ಪಿಸ್ಟನ್ನು ಕಾವೇರಿದ ಮೇಲೆ ಅಲ್ಲೇ ಕಚ್ಚಿ ಕೂತಿತ್ತು.

ಮುಳ್ಳೂರಿನ ಕಡೆಯ ನಾಲ್ಕೈದು ಜನ ರೈತರು ಹೊಲ ಬಿಟ್ಟು ಬಂದು ಕಾರಿನ ಸುತ್ತ ನಿಂತರು. ಒಬ್ಬ ಮೂತಿಯ ಹತ್ತಿರ ಬಗ್ಗಿ, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. "ಕೈ...ಯಾ...ರೆ ಕೂ...ಡಿ...ಸಿದವರು, ನಂಜುಂಡಪ್ಪ. ಯಾರ್ಲಾ ಅವ್ನು?"

ಇನ್ನೊಬ್ಬ ನನ್ನನ್ನೇ ಕೇಳಿದ. "ನಿಮ್ಗೊತ್ತಾ ಸಾ, ಇದ್ನ ಕೂಡ್ಸಿರೋ ಪುಣ್ಯಾತ್ಮ?"

"ಯಾರೋ ಕೊಳ್ಳೇಗಾಲದವನಂತೆ," ಎಂದೆ ನಾನು.

ಅಷ್ಟರಲ್ಲಿ ಗೆಜ್ಜೆಯ ಸದ್ದು ಬಂತು. ಪುಟ್ಟಮಾದಪ್ಪನವರು ಗಾಡಿ ನಿಲ್ಲಿಸಿ, ಇಳಿದು, ಕಾರನ್ನು ಒಂದು ಸುತ್ತು ಹಾಕಿದರು. "ನಾ ಏಳ್ಲಿಲ್ವಾ, ಒಟ್ಟೆ ಕೆಡ್ತದೆ ಅಂತ!" ಒಳ್ಳೆಯ ಮನುಷ್ಯ. ಹಗ್ಗ ತೆಗೆದು ಕಾರನ್ನು ಗಾಡಿಯ ಹಿಂದಕ್ಕೆ ಕಟ್ಟಿದರು.

"ನೀ ಗಾಡಿ ಅತ್ಕಳವ್ವ, ನಿಮ್ಮಕ್ಕನ್ ಪಕ್ಕದಲ್ಲಿ ಕುಂತ್ಕೊ," ಎಂದು ಮಾದೇವಿಯನ್ನು ಕರೆದರು.

"ಇಲ್ಲ ಬಾವ. ನಾನು ಕಾರಲ್ಲೇ ಬತ್ತೀನಿ," ಎಂದಳು ಮಾದೇವಿ. ಅವಳು ಕದಲಲಿಲ್ಲ. ದಾರಿ ಏರುವಲ್ಲಿ ಎತ್ತುಗಳಿಗೆ ಎಳೆಯಲಾಗುವುದಿಲ್ಲವೆಂದು ನಾನು ಇಳಿದು ಹಿಂದಿನಿಂದ ನೂಕಬೇಕಾಯಿತು. ಆದ್ದರಿಂದ ಸ್ಟಿಯರಿಂಗ್ ಹಿಡಿದವಳು ಅವಳು. ಓಟದ ಕಾರು ಎತ್ತುಗಳ ಹಿಂದೆ ನಡೆಯಿತು, ಅದರ ಹಿಂದೆ ನಾನು ಓಡಿದೆ. ಮೈತುಂಬ ಮಸಿ, ಎಣ್ಣೆ, ಬೆವರು. ಮದರಾಸು ಸೀಮೆಯಿಂದ ಮೈಸೂರು ಸೀಮೆಗೆ ಕಾರು ನೂಕಿಕೊಂಡು ಬಂದ ಮೊದಲ ಅಳಿಯ ನಾನೇ ಇರಬೇಕು.

ಯಳಂದೂರು ಕಾಣುತ್ತಿದ್ದಂತೆ ಮಾದೇವಿ, "ಬಾವ, ಒಂದ್ಗಳ್ಗೆ ನಿಲ್ಸಿ," ಎಂದು ಕೂಗಿದಳು. ಇಳಿದು ಚೀಲಕ್ಕೆ ಕೈ ಹಾಕಿ, ತವರಿಗೆಂದು ತಂದಿದ್ದ ವಿಭೂತಿ ಗಟ್ಟಿಯನ್ನು ತೆಗೆದಳು. ನೀರು ಸೋಕಿಸಿ ಅಂಗೈಯಲ್ಲಿ ತೇಯ್ದು, ಕಾರಿನ ಮೂತಿಯ ಮುಂದೆ ಕೂತು, ನನ್ನ ತಗಡಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನಲ್ಲಿ ಮೂರು ದಪ್ಪ ಗೀಟು ಎಳೆದಳು. ನಡುವೆ ಒಂದು ಕುಂಕುಮ ಇಟ್ಟಳು. ಒಂದಕ್ಷರವೂ ಕಾಣದಂತಾಯಿತು.

"ನಿನ್ನೆ ಇದೊಂದ್ಕೆ ಬಳ್ಯೋದ್ ಮರ್ತಿದ್ದೆ," ಎಂದಳು, ನನ್ನ ಮುಖ ನೋಡದೆ. ನಾನು ಟವೆಲಿನಿಂದ ಮುಖ ಒರೆಸಿಕೊಂಡೆ. ಬೆವರೇ ಒರೆಸಿದ್ದು ಎಂದು ಆಗ ಎಲ್ಲರಿಗೂ ಹೇಳಿದೆ.

ತವರಿನ ಬಾಗಿಲಲ್ಲಿ ಅವಳು ಕಾರಿನಿಂದಲೇ ಇಳಿದಳು. ಅತ್ತೆ ಇಬ್ಬರು ಮಗಳಂದಿರಿಗೂ ಆರತಿ ಎತ್ತಿದರು, ಎತ್ತುಗಳಿಗೂ ಎತ್ತಿದರು. ಅಷ್ಟರಲ್ಲಿ ಮಾವ ಬಂದರು. ಮೊದಲು ನನ್ನ ಕೈಯ ಮಸಿ ನೋಡಿದರು. ತಿರುಗಿ ಒಳಗಿನ ಹೊಸ ಗಡಿಯಾರದ ಕಡೆ ಒಂದು ಸಲ ನೋಡಿದರು. ಆಮೇಲೆ ಕಾರಿನ ಮೂತಿಯ ಹತ್ತಿರ ಬಗ್ಗಿ, "ಇದೇನವ್ವ, ತಗಡು?" ಎಂದು ಬೆರಳು ಚಾಚಿದರು.

"ಮುಟ್ಬೇಡ ಕಣಪ್ಪ! ಪೂಜೆ ಆಗ್ಯದೆ ಅದ್ಕೆ," ಎಂದಳು ಮಾದೇವಿ.

ಮಾವ ತಟ್ಟನೆ ಬೆರಳು ಹಿಂದಕ್ಕೆ ತೆಗೆದುಕೊಂಡರು. ಟವೆಲನ್ನು ಹೆಗಲಿನಿಂದ ಇಳಿಸಿ ಕಂಕುಳಿಗೆ ಸೇರಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ಕೈ ಮುಗಿದರು. ಅಳಿಯನ ಹೆಸರಿಗೆ ನಮ್ಮ ಮಾವ ಕೈ ಮುಗಿದದ್ದು ಅದೇ ಮೊದಲು, ಅದೇ ಕಡೆ!

ಕಣ್ಣು ಬಿಟ್ಟ ಮೇಲೆ ನನ್ನ ಕಡೆ ತಿರುಗಿ, "ಇತ್ಲಿಂದ ಬನ್ನಿ ಅಳಿಯಂದ್ರೇ, ಕೈಕಾಲ್ ತೊಳ್ಕಳಿ. ಸೀಗೆಕಾಯಿ ಮಡ್ಗಿವ್ನಿ," ಎಂದು ಹಿತ್ತಲ ದಾರಿ ತೋರಿಸಿದರು. ನಾನು ಕೈ ತಿಕ್ಕಿ ತೊಳೆದು ಒಳಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಗಡಿಯಾರ ಇರಲಿಲ್ಲ.