ಅಪ್ಪಣೆಯಿಲ್ಲದೆ ಸಮತಟ್ಟಾದ ನಮ್ಮ ಬೀದಿ

ಮಾನ್ಯ ಪುರಸಭಾ ಅಧ್ಯಕ್ಷರೇ,

ಕಾಡಿನಂಚಿನ ಮೇಲುಬೀದಿಯಲ್ಲಿ ಅನಾನಸ್ ಬೆಳೆಯುವ ನಾನು ತಮ್ಮ ಕ್ಷೇಮವನ್ನೂ ತಮ್ಮ ಕುರ್ಚಿಯ ಕ್ಷೇಮವನ್ನೂ ಕೋರುತ್ತಾ, ತಾವು ಕಳಿಸಿದ ನೋಟಿಸು ಕೈಸೇರಿ ಮನೆಮಂದಿಯೆಲ್ಲ ಕೃತಾರ್ಥರಾದೆವೆಂದು ಅರಿಕೆ ಮಾಡಿಕೊಳ್ಳುತ್ತೇನೆ. ಪುರಸಭೆಗೆ ನಮ್ಮ ಬೀದಿಯ ನೆನಪಿದೆಯೆಂದು ತಿಳಿದು ಅತ್ತೆಯವರಿಗಂತೂ ಕಣ್ಣು ತುಂಬಿ ಬಂತು.

ಕಳೆದ ವರ್ಷ ತಾವು ದೊಡ್ಡ ಮನಸ್ಸು ಮಾಡಿ ಗುಂಡಿಗಳೇ ತುಂಬಿದ್ದ ಈ ಬೀದಿಗೆ ಜಲ್ಲಿ ಸುರಿಸಿ, ರೋಡ್ ರೋಲರೊಂದನ್ನು ನಮ್ಮ ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಚಾಲಕನನ್ನು ಊಟಕ್ಕೆ ಕಳಿಸಿದಿರಿ. ಆತನ ಊಟ ಇನ್ನೂ ಮುಗಿದಿಲ್ಲ. ನಮ್ಮ ಮಳೆ ತಮಗೆ ಗೊತ್ತೇ ಇದೆ. ಇಲ್ಲಿ ಬೇಲಿಗೆ ನೆಟ್ಟ ಗೂಟವೂ ಚಿಗುರುತ್ತದೆ. ಬಳ್ಳಿಗಳು ರೋಲರನ್ನು ತಬ್ಬಿಕೊಂಡವು. ಹಕ್ಕಿಯೊಂದು ಹೊಗೆಕೊಳವೆಯಲ್ಲಿ ಸಂಸಾರ ಹೂಡಿ, ಮರಿಗಳನ್ನು ದೊಡ್ಡದು ಮಾಡಿ ಹಾರಿಹೋಯಿತು. ತೆಗೆಸಿಕೊಡಿ ಎಂದು ಕೇಳಿದಾಗ ತಮ್ಮ ಎಂಜಿನಿಯರ್ ಸಾಹೇಬರು ಖುದ್ದಾಗಿ ಬಂದು, "ರೋಲರ್ ಎಲ್ಲಿದೆಯಮ್ಮಾ? ಇದು ಪೊದೆ. ಪೊದೆ ಅರಣ್ಯ ಇಲಾಖೆಯದು" ಎಂದರು. ಅಂಥ ಸೂಕ್ಷ್ಮ ದೃಷ್ಟಿ ಎಲ್ಲರಿಗೂ ಬರುವುದಿಲ್ಲ.

ಈ ಸಲ ಹಣ್ಣೆಲ್ಲ ಒಟ್ಟಿಗೇ ಮಾಗಿತು. ಗಾಡಿ ಹೊರಡಲು ದಾರಿಯಿಲ್ಲ. ಅಂಗಳದ ರಾಶಿಯಿಂದ ಹುಳಿ ವಾಸನೆ ಏಳತೊಡಗಿತು. ವರ್ಷದ ದುಡಿಮೆ ಇರುವೆಗಳ ಪಾಲಾಗುವುದನ್ನು ನೋಡಿ ನಾನು ಅಳುತ್ತಾ ಕೂತೆ. ಸ್ಕೂಟರ್ ರಿಪೇರಿ ಮಾಡುವ ನನ್ನ ಮೈದುನ, "ಅಳ್ಬೇಡಿ ಅತ್ತಿಗೆ, ಇದೂ ಒಂದು ದಪ್ಪ ಸ್ಕೂಟರೇ" ಎಂದು ಬಳ್ಳಿ ಕೊಯ್ದು, ಅದರ ಹೊಟ್ಟೆಯೊಳಗೆ ತಲೆಯಿಟ್ಟು ಕೂತ. ಸಂಜೆಯಾಗುವಷ್ಟರಲ್ಲಿ ರೋಲರ್ ಕೆಮ್ಮಿತು, ಹಳೆಯ ಗೂಡನ್ನು ಉಗುಳಿತು, ಹೊರಟೇಬಿಟ್ಟಿತು! ಅದು ಮುಂದೆ, ಹಣ್ಣಿನ ಗಾಡಿ ಹಿಂದೆ, ಅದರ ಹಿಂದೆ ಇಡೀ ಬೀದಿ. ಹೋದಲ್ಲೆಲ್ಲ ಜಲ್ಲಿ ತೆಪ್ಪಗೆ ಕೂತಿತು.

ತಮ್ಮ ಕಚೇರಿಯ ಅಂಗಳದಲ್ಲಿ ಅದನ್ನು ನಿಲ್ಲಿಸಿದಾಗ ಎಂಜಿನಿಯರ್ ಸಾಹೇಬರು, "ಯಾರ್ರೀ ಇದನ್ನ ಓಡಿಸಿದ್ದು?" ಎಂದು ಗುಡುಗಿದರು.

"ಯಾರೂ ಓಡಿಸ್ಲಿಲ್ಲಪ್ಪ," ಎಂದರು ನಮ್ಮತ್ತೆ. "ಅದೇ ಮನೆಗೆ ಹೊರಟಿತ್ತು. ದಾರಿ ತಪ್ಪದಿರ್ಲಿ ಅಂತ ಜೊತೆಗೆ ಬಂದ್ವಿ."

ಹಣ್ಣು ಮಾರಾಟವಾಯಿತು. ಮನೆಗೆ ಮರಳುವಾಗ ಗಾಡಿಯಲ್ಲಿ ಕೂತ ಅತ್ತೆ, ಒಮ್ಮೆಯೂ ಎತ್ತಿಹಾಕದ ರಸ್ತೆಯಲ್ಲಿ, ಬಾಯಿ ತೆರೆದು ನಿದ್ದೆ ಹೋಗಿದ್ದರು.

ಈಗ ತಮ್ಮ ನೋಟಿಸು, ಅಪ್ಪಣೆಯಿಲ್ಲದೆ ರಸ್ತೆ ಸಮ ಮಾಡಿದ ಮೈದುನನೇ ಅದನ್ನು ಯಥಾಸ್ಥಿತಿಗೆ ತರಬೇಕು ಎನ್ನುತ್ತದೆ. ಖಂಡಿತ ತರುತ್ತೇವೆ. ಆದರೆ ಯಾವ ಗುಂಡಿ ಎಷ್ಟು ಆಳವಿತ್ತೆಂದು ನಾವು ಅಳೆದಿಟ್ಟಿಲ್ಲ. ಅಂಥ ಗುಂಡಿ ತೋಡುವ ಕೈಚಳಕವೂ ನಮಗಿಲ್ಲ, ಅದು ಪುರಸಭೆಗೆ ಮಾತ್ರ ಒಲಿದ ವಿದ್ಯೆ. ಆದಕಾರಣ ತಮ್ಮ ನುರಿತ ಸಿಬ್ಬಂದಿಯನ್ನೂ, ಮಕ್ಕಳು ಕಪ್ಪೆ ಸಾಕಿದ್ದ ಗುಂಡಿಗೆ ಅವೇ ಕಪ್ಪೆಗಳನ್ನೂ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಎಡವದೆ ನಡೆದಾಡುತ್ತಿರುವ
ತಮ್ಮ ವಿಶ್ವಾಸಿ,
ಮೇಲುಬೀದಿಯ ಅನಾನಸ್ ಬೆಳೆಗಾರ್ತಿ

ತಾ.ಕ.: ನಮ್ಮ ರಸ್ತೆಯನ್ನು ತಾವು ಉದ್ಘಾಟಿಸಲಿರುವ ಸಮಾರಂಭದ ಆಹ್ವಾನ ಪತ್ರಿಕೆ ಈಗಷ್ಟೇ ತಲುಪಿತು. ರಸ್ತೆ ಮಾಡಿದವರೆಂದು ನೋಟಿಸಿನಲ್ಲಿ ಮೈದುನನ ಹೆಸರಿದೆ, ಇದರಲ್ಲಿ ತಮ್ಮದಿದೆ. ಎರಡರಲ್ಲಿ ಯಾವುದು ಅಚ್ಚಿನ ತಪ್ಪೆಂದು ದಯವಿಟ್ಟು ತಿಳಿಸಿ.