ಹೊಂಗೆ ನೆರಳಲ್ಲಿ ಸುಮ್ಮನೆ ಕೂರುವ ಬಗ್ಗೆ

ಇಂದ,
ಅನಸೂಯಮ್ಮ ಕೋಂ ಸೊಣ್ಣಪ್ಪ,
ಎಸ್ಸೆಸ್ಸೆಲ್ಸಿ ಪಾಸು, ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವವಳು,
ಸುಗಟೂರು, ಕೋಲಾರ ತಾಲ್ಲೂಕು.

ಗೆ,
ಮಹಾರಾಜಶ್ರೀ ರೇಷ್ಮೆ ಹುಳುಗಳವರಿಗೆ,
ತಟ್ಟೆ ನಂ. ೧ರಿಂದ ೪೦, ನಡುಮನೆ
(ತಾವು ದಯಮಾಡಿಸಿದಂದಿನಿಂದ ಮನೆಯವರು ಜಗಲಿಗೆ ಸ್ಥಳಾಂತರಗೊಂಡಿದ್ದಾರೆ).

ವಿಷಯ: ಹಿತ್ತಲಿನ ಹೊಂಗೆ ಮರದಡಿ ಒಂದು ದಿನ ಸುಮ್ಮನೆ ಕೂರಲು ಅನುಮತಿ ಕೊಡಿಸುವ ಬಗ್ಗೆ.

ಉಲ್ಲೇಖ: ದಿ. ೩೦-೩-೧೯೮೨ರ ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ಯಜಮಾನರು ಹೊರಡಿಸಿದ ಮೌಖಿಕ ಆದೇಶ: "ಹುಳು ಜ್ವರಕ್ಕೆ ಕೂತವೆ, ಇವತ್ತು ಸೊಪ್ಪು ಕೊಯ್ಯೋದು ಬ್ಯಾಡ ಕಣೇ."

ಮಾನ್ಯರೇ,

ಈ ಮನೆಯಲ್ಲಿ ತಮ್ಮ ಮಾತು ನಡೆಯುವಷ್ಟು ಬೇರೆ ಯಾರ ಮಾತೂ ನಡೆಯುವುದಿಲ್ಲವಾದ ಕಾರಣ, ಅರ್ಜಿದಾರಳು ತಮ್ಮಲ್ಲೇ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಾವು ಮೂರನೇ ಜ್ವರಕ್ಕೆ ಕೂತು, ಅಂದರೆ ಪೊರೆ ಬಿಡಲೆಂದು ಮೇವು ನಿಲ್ಲಿಸಿ ನಿದ್ದೆಹೋದ ಕಾರಣ, ಅರ್ಜಿದಾರಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸವಿರಲಿಲ್ಲ. ಆದ್ದರಿಂದ ಮುದ್ದೆ ಕಟ್ಟಿಟ್ಟು, ಹತ್ತು ಗಂಟೆಗೆ ಚಾಪೆ ಹಿಡಿದು ಹಿತ್ತಲಿಗೆ ಹೊರಟಳು.

೨. ಯುಗಾದಿ ಕಳೆದು ನಾಲ್ಕು ದಿನ. ಹೊಂಗೆ ಹೊಸದಾಗಿ ಚಿಗುರಿ ತಣ್ಣಗಿತ್ತು. ಬಾಳೆ ಪಾತಿಯ ತೇವಕ್ಕೆ ಕಾಲಿಟ್ಟು, ಮಾವಿನ ಹೀಚಿಗೆ ಉಪ್ಪುಖಾರ ಹಚ್ಚಿ ಕಚ್ಚುತ್ತ, ಬದನೆ ಹೂವಿಗೆ ಬರುವ ದುಂಬಿಗಳನ್ನು ನೋಡುತ್ತ ಕೂತಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಇಂಥ ಸುಖ ಕಂಡಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತಾಳೆ. ಸದರಿ ಸುಖ ಇಪ್ಪತ್ತು ನಿಮಿಷ ನಡೆಯಿತು.

೩. ಪಕ್ಕದ ಮನೆಯ ಅಕ್ಕಯಮ್ಮನವರು ಬೇಲಿಯಾಚೆಯಿಂದ ಇಣುಕಿ, "ಅಯ್ಯಯ್ಯೋ, ಏಮಮ್ಮಾ ಇದು, ಹಿಂಗೆ ಕೂತ್ಬಿಟ್ಟಿದ್ದೀಯ? ಮೈಗೆ ಹುಷಾರಿಲ್ವಾ?" ಎಂದರು. "ಹುಷಾರಾಗೇ ಇದ್ದೀನಕ್ಕಾ, ಸುಮ್ನೆ ಕೂತಿದ್ದೀನಿ" ಎಂದದ್ದೇ ತಪ್ಪಾಯಿತು. "ಸುಮ್ನೆ ಯಾರಾದ್ರೂ ಕೂತ್ಕೊಂತಾರಾ? ತಲೆಗೇನೋ ಆಗದೆ!" ಎಂದು ಕೂಗಿಕೊಂಡು, ಮೆಣಸಿನ ಕಷಾಯ ತಂದು ಕುಡಿಸಿಯೇ ಬಿಟ್ಟರು.

೪. ಕೂಗು ಕೇಳಿ ಬಂದ ಅತ್ತೆ ಮುನಿಯಲ್ಲಮ್ಮನವರು ಗಾಳಿ ಸೋಕಿದೆಯೆಂದು ತೀರ್ಮಾನಿಸಿ ಪೊರಕೆಯಿಂದ ದೃಷ್ಟಿ ತೆಗೆದರು. ಅರ್ಜಿದಾರಳಿಗೆ ನಗು ತಡೆಯಲಾಗಲಿಲ್ಲ. ಆ ಕಾರಣ ಗಾಳಿ ಖಾತ್ರಿಯಾಯಿತು.

೫. ಯಜಮಾನರು ಗಾಬರಿಬಿದ್ದು ಸೈಕಲ್ ಹತ್ತಿ, ಕಾಂಪೌಂಡರ್ ಅಶ್ವತ್ಥಪ್ಪನವರನ್ನು ಕೂರಿಸಿಕೊಂಡು ಬಂದರು. "ನಂಗೇನೂ ಆಗಿಲ್ಲ ಸಾರ್" ಎಂದರೆ, "ಏನೂ ಆಗಿಲ್ಲ ಅನ್ನೋರಿಗೇ ಜಾಸ್ತಿ ಆಗಿರೋದು ಕಣಮ್ಮ" ಎಂದು ಸೊಂಟಕ್ಕೆ ಸೂಜಿ ಚುಚ್ಚಿದರು. ಆದ್ದರಿಂದ ಈ ಅರ್ಜಿಯನ್ನು ನಿಂತುಕೊಂಡೇ ಬರೆಯಲಾಗಿದೆ.

೬. ಇಷ್ಟು ಗಲಾಟೆಯ ನಡುವೆ ಅತ್ತೆಯವರು ಮೂರು ಸಲ, "ಮೆತ್ತಗೆ ಮಾತಾಡ್ರೋ, ಒಳಗೆ ಹುಳು ಮಲಗವೆ!" ಎಂದು ಗದರಿದರು. ಎಲ್ಲರೂ ಪಿಸುಮಾತಿಗಿಳಿದರು. ಯಜಮಾನರು ಬೀಡಿ ಆರಿಸಿದರು. ಸಾರಿಗೆ ಒಗ್ಗರಣೆ ಕೂಡ ಬೀಳಲಿಲ್ಲ. ತಮ್ಮನ್ನು ಮಾತ್ರ "ಯಾಕೆ ಸುಮ್ಮನೆ ಬಿದ್ದುಕೊಂಡಿದ್ದೀರಿ?" ಎಂದು ಒಬ್ಬರೂ ಕೇಳಲಿಲ್ಲ. ಅರ್ಜಿದಾರಳಿಗೆ ಹೊಟ್ಟೆ ಉರಿದುಹೋಯಿತು, ಇದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ, ಇನ್ನು ಐದು ದಿನಕ್ಕೆ ಬರಲಿರುವ ತಮ್ಮ ನಾಲ್ಕನೇ ಹಾಗೂ ಈ ಬೆಳೆಯ ಕೊನೆಯ ಜ್ವರದಂದು, ಅರ್ಜಿದಾರಳನ್ನೂ ಒಂದು ಹುಳುವೆಂದು ಪರಿಗಣಿಸಿ, ಹೊಂಗೆ ಮರದಡಿಯ ಚಾಪೆಯನ್ನು ತಟ್ಟೆ ನಂ. ೪೧ ಎಂದು ಘೋಷಿಸಬೇಕಾಗಿ ಪ್ರಾರ್ಥನೆ. ಸೊಪ್ಪಿನಲ್ಲಿ ಪಾಲು ಕೇಳುವುದಿಲ್ಲ. ಮಾವಿನಕಾಯಿ ತಾನೇ ತಂದುಕೊಳ್ಳುತ್ತಾಳೆ.

ಹೊತ್ತುಹೊತ್ತಿಗೂ ತಮ್ಮ ಮೇವಿಗೆ ಓಡಾಡುವ,
ತಮ್ಮ ವಿಶ್ವಾಸಿ,
ಅನಸೂಯಮ್ಮ
೩೧-೩-೧೯೮೨

ಲಗತ್ತುಗಳು:
೧. ಇಂಜೆಕ್ಷನ್ನಿನ ಖಾಲಿ ಬುಡ್ಡಿ.
೨. ಪೊರಕೆ ಕಡ್ಡಿ, ಮೂರು (ತಲೆಗೂದಲಲ್ಲಿ ಸಿಕ್ಕಿದ್ದು).

ವಿಶೇಷ ಸೂಚನೆ: ಗೂಡು ಕಟ್ಟಿದ ಮೇಲೆ ತಮ್ಮೆಲ್ಲರನ್ನೂ ಕುದಿಯುವ ನೀರಿಗೆ ಹಾಕುತ್ತಾರೆಂಬುದು ಅರ್ಜಿದಾರಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅರ್ಜಿಯನ್ನು ವಾಪಸು ಪಡೆಯುತ್ತಿಲ್ಲ. ದಯವಿಟ್ಟು ಮಂಜೂರು ಮಾಡುವುದು.